ಆಕಳಿಸುವ ವೀರನ ಸಂಕ್ರಾಂತಿ

ಚೆಂಡು ಒದೆಯುವ ಮುನ್ನ ಅನುಜ್ ಒಮ್ಮೆ ಆಕಳಿಸಿದರೆ ಸಾಕು, ಮಿಶಿಗನ್ನಿನ ಚಳಿಗಾಳಿಯೂ ತೂಕಡಿಸಿ ದಾರಿ ಬಿಡುತ್ತದೆಂದು ನಾರ್ತ್‌ವಿಲ್‌ನ ಕನ್ನಡಿಗರು ನಂಬಿದ್ದರು. ಕಾಲೇಜು ಫುಟ್‌ಬಾಲಿನ ಈ ವೀರ, ಓದು ಇನ್ನೊಂದು ವರ್ಷ ಇರುವಾಗಲೇ ವೃತ್ತಿಪರ ಆಟಕ್ಕೆ ಹೊರಡುವನೋ ಇಲ್ಲವೋ ಎಂದು ತಿಳಿಸಲು ಇಂದೇ ಕೊನೆಯ ದಿನ. ಧನುರ್ಮಾಸದಲ್ಲಿ ಅಂಥ ಶುಭದ ಮಾತು ಎತ್ತಬಾರದೆಂದು ಅಜ್ಜಿ ಪದ್ಮಮ್ಮ ಸಂಕ್ರಾಂತಿಯವರೆಗೆ ಅವನ ಬಾಯಿಗೆ ಬೀಗ ಹಾಕಿದ್ದರು.

ಎಳ್ಳುಬೆಲ್ಲ ಮೆಲ್ಲುತ್ತ ಅನುಜ್ ಕಿಟಕಿಯಾಚೆ ನೋಡಿದ. ಅವನ ಕಣ್ಣಿಗೆ ಹಿತ್ತಲ ಹಿಮದ ಮೇಲೆ ದೊಡ್ಡದೊಂದು ಸ್ಟೇಡಿಯಂ ಮೆಲ್ಲನೆ ಮೂಡಿತು. ಅವನು ಒದ್ದ ಚೆಂಡು ಮೋಡಗಳ ನಡುವೆ ತೇಲುತ್ತ ಹೋಯಿತು, ಕೆಳಗಿಳಿಯಲೇ ಇಲ್ಲ.

"ಪುಣ್ಯಕಾಲ ಬಂತು ಕಣೋ, ಈಗ ಹೇಳು," ಎಂದರು ಅಜ್ಜಿ.

ಪಕ್ಕದ ಮನೆಯ ಸತೀಶ ಅಂಕಲ್ ವಿಡಿಯೊ ಮಾಡಲು ಫೋನ್ ಎತ್ತಿ ಹಿಡಿದರು. "ಹೂಂ ಅನ್ನು ರಾಜಾ, ಊರೆಲ್ಲ ಕಾಯ್ತಿದೆ!"

"ಹೋಗಲ್ಲ ಅಜ್ಜಿ," ಎಂದ ಅನುಜ್. "ನಂಗಿನ್ನೂ ಅಷ್ಟು ಚೆನ್ನಾಗಿ ಆಡಕ್ಕೆ ಬರಲ್ಲ."