ಸ್ಟೆಪ್ನಿಯಲ್ಲಿ ಉಳಿದಿದ್ದ ಗಾಳಿ

ಹೊಸಕೆರೆಹಳ್ಳಿ ಇಳಿಜಾರಿನಲ್ಲಿ ಕಾರು ಜಾರಿದ ದಿನವೇ ಟೈರು ಬದಲಾಯಿಸಲೇಬೇಕು ಅಂತ ನಿರ್ಧಾರ ಮಾಡಿದೆ. ತುಂತುರು ಮಳೆ. ಬ್ರೇಕ್ ಒತ್ತಿದರೂ ಕಾರು ನನ್ನ ಮಾತು ಕೇಳದೆ ಮುಂದಿನ ಆಟೋಗೆ ಇನ್ನೇನು ತಾಗಬೇಕು ಅನ್ನುವಾಗ ನಿಂತಿತು. ಡಯಾಲಿಸಿಸ್ ಮುಗಿಸಿ ಹಿಂದೆ ಒರಗಿದ್ದ ಅತ್ತೆ, "ಅವನಿದ್ದಿದ್ರೆ ಹೀಗಾಗ್ತಿರ್ಲಿಲ್ಲ" ಅಂದರು. ಮೈಯೆಲ್ಲ ಉರಿದುಹೋಯಿತು. ಮಾತು ನಿಜ ಅನ್ನೋದಕ್ಕೇ ಇನ್ನಷ್ಟು ಉರಿಯಿತು.

ಅವನು ಅಂದರೆ ನನ್ನ ಗಂಡ. ಹೋದ ವರ್ಷ ರಾತ್ರಿ ಮಲಗಿದವರು ಏಳಲಿಲ್ಲ. ಬೆಳಿಗ್ಗೆ ಎಬ್ಬಿಸಲು ಹೋದ ಅತ್ತೆ ಅವರ ಕೈ ಹಿಡಿದುಕೊಂಡೇ, "ತಣ್ಣಗಿದಾನೆ ಕಣೇ" ಅಂತ ನನ್ನನ್ನು ಕೂಗಿದ್ದರು.

ಪೆಟ್ರೋಲ್ ಬಂಕಿನ ಗಾಳಿಯನ್ನು ಇವರು ನಂಬುತ್ತಿರಲಿಲ್ಲ. ಭಾನುವಾರ ಬೆಳಿಗ್ಗೆ ಲುಂಗಿ ಎತ್ತಿಕಟ್ಟಿ, ಗೇಟಿನ ಮುಂದೆ ನಿಂತು ಕಾಲಲ್ಲಿ ಪಂಪು ತುಳಿಯೋರು. ಡಿಕ್ಕಿಯಲ್ಲಿ ಸುಮ್ಮನೆ ಬಿದ್ದಿರುವ ಸ್ಟೆಪ್ನಿಯನ್ನೂ ಬಿಡುತ್ತಿರಲಿಲ್ಲ. "ಅದೇನು ಹಸಿವು ಅಂತ ಅಳ್ತಿತ್ತಾ?" ಅಂತ ರೇಗಿಸ್ತಿದ್ದೆ. ಈಗಲೂ ಭಾನುವಾರ ಜಯನಗರದ ನಮ್ಮ ಮನೆ ಮುಂದೆ ಆ ಪುಸ್ ಪುಸ್ ಸದ್ದು ನನಗೆ ಕೇಳುತ್ತೆ. ಹೋಗಿ ನೋಡಿದರೆ ಯಾರೂ ಇರಲ್ಲ. ಅತ್ತೆಯೂ ಅದೇ ಹೊತ್ತಿಗೆ ಬಾಗಿಲ ಕಡೆ ತಿರುಗುತ್ತಾರೆ. ಇಬ್ಬರೂ ಬಾಯಿ ಬಿಡಲ್ಲ.

ನಾಲ್ಕು ಟೈರಿನ ಗಾಳಿ ಆಮೇಲೆ ಎಷ್ಟೋ ಸಲ ತುಂಬಿಸಿದ್ದೀನಿ. ಸ್ಟೆಪ್ನಿಯೊಳಗಿನ ಗಾಳಿ ಮಾತ್ರ ಅವರು ತುಂಬಿದ್ದೇ. ಹೇಳಿದರೆ ತಲೆ ಕೆಟ್ಟಿದೆ ಅಂದುಕೊಳ್ತಾರೆ ಅಂತ ಯಾರಿಗೂ ಹೇಳಿರಲಿಲ್ಲ.

ಮುಂದಿನ ಡಯಾಲಿಸಿಸ್ ಮುಗಿದ ಮೇಲೆ, ಅತ್ತೆಯನ್ನು ಹಿಂದೆ ಕೂರಿಸಿಕೊಂಡೇ ಬನಶಂಕರಿಯ ಟೈರ್ ಅಂಗಡಿಗೆ ಹೋದೆ. ಅಂಗಡಿಯವನು, "ಹೈವೇ ಜಾಸ್ತಿನಾ, ಸಿಟಿನಾ ಮೇಡಂ?" ಅಂತ ಕೇಳಿದ.

"ಸಿಟಿ. ಹೋಗುವಾಗ ಬೆಂಕಿ ಬಿಸಿಲು, ಬರುವಾಗ ಮಳೆ. ನಮ್ಮೂರು ಗೊತ್ತಲ್ಲ! ಹಿಂದೆ ಪೇಷೆಂಟ್ ಬೇರೆ ಇರ್ತಾರೆ."

ಎರಡು ತೋರಿಸಿದ. ಒಂದು ಗಟ್ಟಿ ರಬ್ಬರಿನದು, ತುಂಬಾ ದಿನ ಬಾಳಿಕೆ. ಇನ್ನೊಂದು ಮೆತ್ತಗೆ, ನೀರು ಹೊರಗೆ ಹೋಗಲು ಆಳವಾದ ಗೀರುಗಳಿದ್ದವು.

"ಇದು ಮಳೇಲಿ ಚೆನ್ನಾಗಿ ಹಿಡಿಯುತ್ತೆ, ಆದ್ರೆ ಬೇಗ ಸವೆಯುತ್ತೆ."

"ಸವೆದ್ರೆ ಸವೀಲಿ, ಜಾರಬಾರ್ದು," ಅಂದೆ.

ಆಮೇಲೆ ಅವನು ಡಿಕ್ಕಿ ತೆಗೆದ. "ಸ್ಟೆಪ್ನಿನೂ ಹೋಗಿದೆ ಮೇಡಂ, ನೋಡಿ, ಪಕ್ಕದಲ್ಲೆಲ್ಲ ಬಿರುಕು. ದಾರೀಲಿ ಪಂಕ್ಚರ್ ಆಗಿ ಇದನ್ನ ಹಾಕ್ಕೊಂಡ್ರೆ ಒಡೆದುಹೋಗುತ್ತೆ. ಬಿಚ್ಚಿಬಿಡ್ಲಾ?"

"ಅದನ್ನ ಮುಟ್ಬೇಡಿ!" ಅಂದೆ. ನನ್ನ ದನಿಗೆ ನಾನೇ ಬೆಚ್ಚಿದೆ. ಪಾಪ, ಅವನು ಮಿಕಿಮಿಕಿ ನೋಡುತ್ತಾ ನಿಂತ.

ಕಾರಿನ ಬಾಗಿಲು ತೆಗೆದ ಸದ್ದಾಯಿತು. ಅತ್ತೆ ಕಾರನ್ನೇ ಹಿಡಿದುಕೊಂಡು ಹಿಂದಕ್ಕೆ ಬಂದರು. ಸ್ಟೆಪ್ನಿ ನೋಡಿ, "ಅವನು ತುಂಬಿದ್ದು ತಾನೇ?" ಅಂದರು.

ಅತ್ತೆಗೂ ಗೊತ್ತಿತ್ತು!

"ಹೂಂ ಅತ್ತೆ."

"ನಂಗೂ ಇಷ್ಟ ಇಲ್ಲ ಕಣೇ. ಆದ್ರೆ ಗಾಡಿ ಓಡಿಸೋಳು ನೀನು. ನಿಂಗೂ ಏನಾದ್ರೂ ಆದ್ರೆ ನಾನ್ಯಾರ ಮುಖ ನೋಡ್ಲಿ? ತೆಗೆಸು."

ಅತ್ತೆಯೇ ಅಂಗಡಿಯವನಿಗೆ, "ನಿಧಾನಕ್ಕೆ ಬಿಡಪ್ಪಾ" ಅಂದರು.

ಅವನು ವಾಲ್ವ್ ಒತ್ತಿದ. ಅತ್ತೆ ಡಯಾಲಿಸಿಸ್ಸಿನ ಪಟ್ಟಿ ಸುತ್ತಿದ್ದ ಕೈಯನ್ನು ಅದರ ಮುಂದೆ ಚಾಚಿದರು. ನನ್ನ ಕೈಯನ್ನೂ ಎಳೆದು ಪಕ್ಕದಲ್ಲಿ ಹಿಡಿದರು.

"ತಣ್ಣಗಿದೆ ಕಣೇ," ಅಂದರು.

ಗಾಳಿ ಮುಗಿದ ಮೇಲೂ ನಾವಿಬ್ಬರೂ ಕೈ ತೆಗೆಯಲಿಲ್ಲ.