ಅಮಾವಾಸ್ಯೆಯ ಎಣ್ಣೆ, ನನ್ನ ಕಾಲಿನ ಹೆಸರು

ಗಾಡಿಯ ಹಿಂದಿನ ಗಾಲಿ ಹಿಡಿದುಕೊಂಡಿತೆಂದರೆ ಸಾಕು, ಹಿಂದೆಮುಂದೆ ನೋಡದೆ ಡ್ರೈವರನ ಕಾಲನ್ನು ದೂರುವವರನ್ನು ಕಂಡರೆ ನನಗೆ ಇವತ್ತಿಗೂ ಮೈ ಉರಿಯುತ್ತದೆ. ವಯಸ್ಸಾಯಿತು, ಸ್ಟೇರಿಂಗು ಬಿಟ್ಟು ಎಷ್ಟೋ ಕಾಲವಾಯಿತು, ಇನ್ನಾದರೂ ಸಿಟ್ಟು ಬಿಡು ಎಂದು ಮನೆಯವರು ಹೇಳುತ್ತಾರೆ. ಯಾಕೆ ಬಿಡಬೇಕು? ನ್ಯಾಯವಾಗಿ ಬಂದ ಸಿಟ್ಟು ಅದು.

ಆಗ ಯುದ್ಧದ ಕಾಲ. ಆಳಂದದ ಒಬ್ಬ ತೊಗರಿ ಸಾವ್ಕಾರರ ಹತ್ತಿರ ನಾನು ಡ್ರೈವರನಾಗಿದ್ದೆ. ಮುಂದೆ ಕೂಡಲು ಒಂದು ಸೀಟು, ಹಿಂದೆ ಹಲಗೆ ಬಡಿದ ತೆರೆದ ತೊಟ್ಟಿ, ಈಗಿನವರು ಪಿಕಪ್ ಎನ್ನುವಂಥ ಗಾಡಿ. ನಾವು ಬರೀ ಮೋಟಾರು ಎನ್ನುತ್ತಿದ್ದೆವು. ನನ್ನ ಅಪ್ಪ ಭೂಸನೂರಿನ ಕಡೆಯ ಹೊಲದಲ್ಲಿ ಅದೇ ಸಾವ್ಕಾರರ ಎತ್ತಿನ ಗಾಡಿ ಹೊಡೆದವನು. ಅವನ ಮಗ ಮೋಟಾರು ಹೊಡೆಯುತ್ತಾನೆ ಎಂಬುದು ನಮ್ಮ ಊರಲ್ಲಿ ಸಣ್ಣ ಮಾತಾಗಿರಲಿಲ್ಲ. ಅವ್ವ ನನ್ನ ಖಾಕಿ ಅಂಗಿಯನ್ನು ಒಗೆದು, ಹಾದುಹೋಗುವವರೆಲ್ಲ ನೋಡಲಿ ಎಂದು ಬಾಗಿಲ ಮುಂದೆಯೇ ಒಣಹಾಕುತ್ತಿದ್ದಳು.

ತೊಂದರೆ ಇದ್ದದ್ದು ಹಿಂದಿನ ಬ್ರೇಕಿನಲ್ಲಿ. ಗಾಲಿಯ ಒಳಗೆ ಒಂದು ಕಬ್ಬಿಣದ ಡ್ರಮ್ಮು, ಅದರೊಳಗೆ ಶೂ ಎನ್ನುವ ಅರ್ಧಚಂದ್ರದಂಥ ಎರಡು ಪಟ್ಟಿ. ಕಾಲು ಒತ್ತಿದರೆ ಶೂಗಳು ಅಗಲಿ ಡ್ರಮ್ಮಿಗೆ ತಿಕ್ಕುತ್ತವೆ. ಕಾಲು ತೆಗೆದರೆ ಸ್ಪ್ರಿಂಗು ಅವನ್ನು ಹಿಂದಕ್ಕೆ ಎಳೆಯಬೇಕು. ನಮ್ಮ ಮೋಟಾರಿನಲ್ಲಿ ಒತ್ತಿದ್ದು ಒತ್ತಿದ ಹಾಗೆಯೇ ಉಳಿಯುತ್ತಿತ್ತು. ನಾನು ಕಾಲು ತೆಗೆದು ಸೀಟಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರೂ ಹಿಂದಿನ ಗಾಲಿ ಮಾತ್ರ ಬಿಡುತ್ತಿರಲಿಲ್ಲ. ಎಳೆದುಕೊಂಡೇ ಹೋದರೆ ಡ್ರಮ್ಮು ಹಂಚಿನ ಹಾಗೆ ಕಾಯುತ್ತಿತ್ತು. ಟೈರು ಸಿಗದ ಆ ದಿನಗಳಲ್ಲಿ ಆ ಕಾವಿಗೆ ಟೈರು ಹಾಳಾಗುತ್ತಿತ್ತು, ಸಾವ್ಕಾರರ ತಲೆ ಅದಕ್ಕಿಂತ ಹೆಚ್ಚು ಕಾಯುತ್ತಿತ್ತು.

"ಲೇ, ಬ್ರೇಕಿನ ಮ್ಯಾಲೆ ಕಾಲ ಇಟಗೊಂಡು ನಿದ್ದಿ ಮಾಡ್ತೀಯೇನು? ಟೈರ್ ನಿಮ್ಮಪ್ಪ ತಂದ ಕೊಡ್ತಾನ?"

"ಇಲ್ರಿ ಸಾವ್ಕಾರ್ರ, ಕಾಲ ತಗದರೂ ಒಳಗ ಬಿಡವಲ್ದು."

"ಕುಣೀಲಾರದಾಕಿ ನೆಲಾ ಡೊಂಕ ಅಂದ್ಳಂತ."

ಡ್ರಮ್ಮು ಕಳಚಿ ನೋಡಿದಾಗಲೆಲ್ಲ ಶೂ, ಸ್ಪ್ರಿಂಗು, ತಿರುಗುವ ಕೀಲು ಎಲ್ಲದರ ಮೇಲೂ ಕಂದು ಬಣ್ಣದ ಅಂಟು. ಹಿಂದಿನ ಅಚ್ಚಿನ ಎಣ್ಣೆ ಸೋರುತ್ತಿದೆ ಎಂದುಕೊಂಡು ಅಲ್ಲಿನ ವಾಷರು ಬದಲಿಸಿದೆ. ಸೀಮೆಎಣ್ಣೆಯಲ್ಲಿ ತೊಳೆದೆ, ಚಾಕುವಿನಿಂದ ಕೆರೆದೆ. ಸ್ವಲ್ಪ ದಿನ ನೆಟ್ಟಗಿರುತ್ತಿತ್ತು. ಅಮಾವಾಸ್ಯೆ ಮುಗಿದ ಮೇಲೆ ಮತ್ತೆ ಅದೇ ಹಾಡು. ಮೊದಲು ಬ್ರೇಕು ಜಾರುತ್ತಿತ್ತು, ಆಮೇಲೆ ಅಂಟುತ್ತಿತ್ತು. ಅಚ್ಚಿನ ಎಣ್ಣೆ ಹೀಗೆ ಗಟ್ಟಿಯಾಗುವುದಿಲ್ಲ ಎಂಬುದು ನನಗೆ ಗೊತ್ತಿತ್ತು. ಇನ್ನೂ ಒಂದು ವಿಚಿತ್ರವೆಂದರೆ, ಗಾಲಿ ಕಾದಾಗ ಒಗ್ಗರಣೆಯ ವಾಸನೆ ಬರುತ್ತಿತ್ತು. ತೊಟ್ಟಿಯಲ್ಲಿ ಕೂತ ಹಮಾಲರು "ಯಾರ ಮನ್ಯಾಗ ಅಡಗಿ ನಡದದ?" ಎಂದು ಮೂಗು ಎತ್ತುತ್ತಿದ್ದರು. ಮೋಟಾರಿಗೆ ಅಮಾವಾಸ್ಯೆಯ ಗಾಳಿ ಬಡಿದಿದೆ, ನಿಂಬೆಹಣ್ಣು ಕಟ್ಟು ಎಂದು ಬುದ್ಧಿ ಹೇಳಿದವರೂ ಇದ್ದರು. ಕಟ್ಟಿದೆ. ನಿಂಬೆಹಣ್ಣು ಬಾಡಿತು, ಗಾಲಿ ಬಿಡಲಿಲ್ಲ.

ಸಾವ್ಕಾರರು ನನ್ನನ್ನು ಮನೆಯಲ್ಲಿ ಬೈದಿದ್ದರೆ ಸಹಿಸುತ್ತಿದ್ದೆ, ಉಂಡ ಮನೆ ಅದು. ಅವರು ಕಾಳು ಮಾರುವ ಅಡತಿ ಅಂಗಡಿಯಲ್ಲಿ ಕೂತು, ಚಹಾದ ಹೋಟೆಲಿನಲ್ಲಿ ನಿಂತು, "ನಮ್ಮ ಡ್ರೈವರಂದು ಜಡಗಾಲು" ಎಂದು ಕಂಡಕಂಡವರಿಗೆಲ್ಲ ಹೇಳಿದರು. ಬಜಾರಿಗೆ ಅಷ್ಟು ಸಾಕಲ್ಲ! ನಾನು ಹೋದಲ್ಲೆಲ್ಲ "ಜಡಗಾಲ ಬಂದ" ಎಂದು ನಗತೊಡಗಿದರು. ಅಫಜಲಪುರದ ಕಡೆ ಪ್ರಯಾಣಿಕರ ಬಸ್ಸು ಇಟ್ಟಿದ್ದ ಒಬ್ಬ ಮಾಲೀಕರು ನನ್ನನ್ನು ಕರೆದುಕೊಳ್ಳುವ ಮನಸ್ಸು ಮಾಡಿದ್ದರು. ಜನ ತುಂಬಿದ ಬಸ್ಸು ಹೊಡೆಯಬೇಕೆಂಬುದು ನನ್ನ ಬಹಳ ದಿನದ ಆಸೆ. ಈ ಹೆಸರು ಕಿವಿಗೆ ಬಿದ್ದ ಮೇಲೆ ಅವರು ನನ್ನ ಕಡೆ ನೋಡುವುದನ್ನೇ ಬಿಟ್ಟರು. ಡ್ರೈವರನಿಗೆ ಹೊಲವಿಲ್ಲ, ಅಂಗಡಿ ಇಲ್ಲ, ಇರುವುದು ಹೆಸರೊಂದೇ. ಅದನ್ನೇ ತೆಗೆದುಕೊಂಡು ಹೋಗಿ ಬಜಾರದಲ್ಲಿ ತುಳಿದರು.

ಸಾವ್ಕಾರರ ಮಗಳನ್ನು ಜೇವರ್ಗಿ ತಾಲೂಕಿನ ಒಂದು ಹಳ್ಳಿಗೆ ಕೊಟ್ಟಿತ್ತು, ಭೀಮಾ ನದಿಯ ಆಚೆ ದಂಡೆಗೆ. ಚೊಚ್ಚಲ ಹೆರಿಗೆಗೆ ಆಕೆಯನ್ನು ತವರಿಗೆ ಕರೆತರಬೇಕಿತ್ತು. ಸಾವ್ಕಾರರ ತಾಯಿ, ನಾವೆಲ್ಲ ಆಯಿ ಎನ್ನುತ್ತಿದ್ದವರು, ಮೊಮ್ಮಗಳನ್ನು ತರಲು ತಾವೇ ಹೊರಟರು. ಅಮಾವಾಸ್ಯೆ ಕಳೆದು ಒಳ್ಳೆಯ ದಿನ ನೋಡಿ ಮೋಟಾರು ತೆಗೆದೆವು. ಆಕೆಯ ಗಂಡನ ಮನೆಯವರು ಹರಿಗೋಲಿನಲ್ಲಿ ನದಿ ದಾಟಿಸಿ ಈಚೆ ದಂಡೆಗೆ ತಂದುಬಿಟ್ಟರು. ತುಂಬಿದ ಬಸುರಿಯನ್ನು ಮುಂದಿನ ಸೀಟಿನಲ್ಲಿ ಆಯಿಯ ಪಕ್ಕ ಕೂಡಿಸಿದೆವು. ಸಾವ್ಕಾರರು ಹಿಂದಿನ ತೊಟ್ಟಿಯಲ್ಲಿ ಜಮಖಾನೆ ಹಾಸಿಕೊಂಡು ಕೂತರು.

ಅಫಜಲಪುರ ದಾಟಿ ಸ್ವಲ್ಪ ದೂರ ಬಂದಿರಬೇಕು, ಒಗ್ಗರಣೆಯ ವಾಸನೆ ಬಂತು. ಎಡಗಡೆಯ ಹಿಂದಿನ ಗಾಲಿ ಹಿಡಿದುಕೊಂಡು ಮೋಟಾರು ಎರೆಹೊಲದ ಪಕ್ಕದಲ್ಲಿ ನಿಂತುಬಿಟ್ಟಿತು. ನೆರಳಿಗೆ ಒಂದು ಬನ್ನಿ ಗಿಡ ಬಿಟ್ಟರೆ ಏನೂ ಇಲ್ಲ. ಸಾವ್ಕಾರರು ತೊಟ್ಟಿಯಿಂದ ಧುಮುಕಿ, ಬಸುರಿ ಮಗಳ ಮುಂದೆಯೇ ಬಾಯಿಗೆ ಬಂದದ್ದನ್ನೆಲ್ಲ ಅಂದರು. ನಾನು ಗಾಲಿ ಬಿಚ್ಚಿ, ಡ್ರಮ್ಮಿನ ಅಂಚಿಗೆ ಸುತ್ತಲೂ ಬಡಿದು ಎಬ್ಬಿಸಿ ತೆಗೆದೆ. ಒಳಗೆ ಅಂಟಿನ ಮೇಲೆ ಹೊಸ ಎಣ್ಣೆ ಹೊಳೆಯುತ್ತಿತ್ತು.

ಆಯಿ ಕೆಳಗಿಳಿದು ಬಂದು ಬಗ್ಗಿ ನೋಡಿದರು. ಅವರ ಮುಖದಲ್ಲಿ ನಿಜವಾದ ಆಶ್ಚರ್ಯ.

"ಅಲ್ಲೋ ತಮ್ಮಾ, ಇದು ಹ್ಯಾಂಗ ಹಿಡಕೋತದ? ಅಮಾಸಿ ದಿನಾ ನಾನ ನನ್ನ ಕೈಯಾರೆ ಕುಸುಬಿ ಎಣ್ಣಿ ಬಿಟ್ಟೇನಲ್ಲ!"

ನಾನು ಕೈಯಲ್ಲಿದ್ದ ನಟ್ಟು ಬಿಚ್ಚುವ ಪಾನಾ ಕೆಳಗಿಟ್ಟೆ. "ಎಲ್ಲಿ ಬಿಟ್ರಿ ಆಯಿ?"

"ಗಾಲಿ ಹಿಂದ ತೂತು ಅದ ನೋಡು, ಅಲ್ಲಿ. ಪ್ರತಿ ಅಮಾಸಿಗೂ ಬಿಡ್ತೇನಿ. ನಮ್ಮ ಗಾಡಿ ಗಾಲಿಗೆ ಬಿಡ್ತಿರಲಿಲ್ಲೇನು? ಎತ್ತಿಗೆ ಹೋಳಗಿ, ಗಾಲಿಗೆ ಎಣ್ಣಿ. ಇದಕ್ಕೂ ಒಂದು ಜೀವ ಅದ ಅಂತ ತಿಳಿಬಾರದೇನು?"

ಅಮಾವಾಸ್ಯೆಯ ದಿನ ನಮ್ಮ ಕಡೆ ಎತ್ತು ಹೂಡುವುದಿಲ್ಲ. ಆ ಮನೆಯಲ್ಲಿ ಮೋಟಾರಿಗೂ ಅದೇ ಕಟ್ಟಳೆ. ಅದಕ್ಕೆ ರಜೆ, ನನಗೂ ರಜೆ. ನಾನು ಊರಿಗೆ ಹೋಗಿ ಅವ್ವನ ಕೈಯ ಊಟ ಉಣ್ಣುತ್ತಿದ್ದರೆ, ಇಲ್ಲಿ ಆಯಿ ಮೋಟಾರಿಗೆ ಕುಂಕುಮ ಹಚ್ಚಿ, ಕಾಯಿ ಒಡೆದು, ಬ್ರೇಕಿನ ಹೊಟ್ಟೆಗೆ ಎಣ್ಣೆ ಕುಡಿಸುತ್ತಿದ್ದರು. ಕುಸುಬಿ ಎಣ್ಣೆಯ ಜಿಡ್ಡು ಗಡಿಗೆಗೆ ಹೇಗೆ ಅಂಟುತ್ತದೆ ಎಂಬುದು ನಮ್ಮ ಕಡೆಯ ಪಾತ್ರೆ ತಿಕ್ಕಿದ ಹೆಣ್ಣುಮಕ್ಕಳಿಗೆಲ್ಲ ಗೊತ್ತು. ಕಾದಷ್ಟೂ ಅಂಟು. ಎತ್ತಿನ ಗಾಡಿಯ ಗಾಲಿಗೆ ಅದು ಸೇವೆ, ಬ್ರೇಕಿಗೆ ಅದು ಬಡಿಗರು ಮರಕ್ಕೆ ಹಚ್ಚುವ ಸರೇಸಿನ ಅಂಟು. ಆಯಿಯ ಮೇಲೆ ನನಗೆ ಸಿಟ್ಟು ಬರಲಿಲ್ಲ. ಪ್ರೀತಿಯಿಂದ ಮಾಡಿದ್ದರು, ಮುಚ್ಚಿಡದೆ ಹೇಳಿದರು.

ಸಿಟ್ಟು ಬಂದದ್ದು ಸಾವ್ಕಾರರು ನಕ್ಕಾಗ. ಹೊಟ್ಟೆ ಹಿಡಿದುಕೊಂಡು ನಕ್ಕರು! "ನಮ್ಮವ್ವಗ ಎಷ್ಟು ಕಾಳಜಿ ನೋಡು" ಎಂದರು. ನನ್ನ ಕಾಲು ಮಾಡಿದ್ದರೆ ದ್ರೋಹ, ಅವರ ಅವ್ವನ ಕೈ ಮಾಡಿದ್ದರೆ ಕಾಳಜಿ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ್ದರು, ಈಗ ಬರೆಯ ಮಾತೇ ಇಲ್ಲ. ಎಲ್ಲವನ್ನೂ ಒರೆಸಿ, ಕೆರೆದು, ಕೂಡಿಸಿ, ಬಸುರಿಯನ್ನು ಸುಖವಾಗಿ ಮನೆ ಮುಟ್ಟಿಸಿದೆ. ಮರುದಿನ ನಾಲ್ಕೂ ಗಾಲಿ ಬಿಚ್ಚಿ ಸೀಮೆಎಣ್ಣೆಯಲ್ಲಿ ತೊಳೆದು, ಬೆಳ್ಳಿಯ ಹಾಗೆ ಮಾಡಿಟ್ಟು, ಸಾವ್ಕಾರರ ಮುಂದೆ ನಿಂತೆ.

"ಬಜಾರದಾಗ ನನ್ನ ಬದನಾಮಿ ಮಾಡೀರಿ. ಅಲ್ಲೇ ಖರೇ ಏನದ ಅಂತ ಒಂದು ಮಾತು ಹೇಳ್ರಿ."

"ಏ, ಮನಿ ಹೆಣ್ಣಮಗಳ ಮಾತು ಬಜಾರದಾಗ ಆಡಾಕ ಬರ್ತದೇನು? ಇಲ್ಲಿಗೇ ಬಿಡು."

ಮೋಟಾರು ಸ್ಟಾರ್ಟು ಮಾಡುವ ಕಬ್ಬಿಣದ ಹ್ಯಾಂಡಲನ್ನು ಅವರ ಕಟ್ಟೆಯ ಮೇಲಿಟ್ಟು ಹೊರಗೆ ಬಂದೆ.

ಆ ಮನೆಯ ಹೆಂಗಸರು ಬಜಾರಿಗೆ ಕಾಲಿಟ್ಟವರಲ್ಲ. ಆದರೆ ಅದೇ ಸಂಜೆ ಆಯಿ, ಸೆರಗು ತಲೆಯ ಮೇಲೆ ಎಳೆದುಕೊಂಡು, ಆ ಹ್ಯಾಂಡಲು ಕೈಯಲ್ಲಿ ಹಿಡಿದು, ಅಡತಿಗಳ ನಡುವೆ ನಡೆದು ಚಹಾದ ಹೋಟೆಲಿನ ತನಕ ಬಂದರು. ತಕ್ಕಡಿ ಹಿಡಿದವರು ತಕ್ಕಡಿ ಹಿಡಿದಂತೆಯೇ ನಿಂತರು. ಅಲ್ಲಿ ಕೂತಿದ್ದ ನನ್ನ ಮುಂದೆ ಹ್ಯಾಂಡಲು ಇಟ್ಟು, ಎಲ್ಲರಿಗೂ ಕೇಳುವಂತೆ ಹೇಳಿದರು.

"ಕೇಳ್ರಿ ಎಲ್ಲಾರೂ. ಗಾಲಿ ಹಿಡದದ್ದು ಇವನ ಕಾಲಿಂದಲ್ಲ, ನನ್ನ ಕೈಯಿಂದ. ಎಣ್ಣಿ ಬಿಟ್ಟಾಕಿ ನಾನು."

ಮುಗಿಯಿತಲ್ಲ ಎಂದುಕೊಂಡೆ. ಎಲ್ಲಿ ಮುಗಿಯುತ್ತದೆ? ಮರುದಿನ ಸಾವ್ಕಾರರು ಅದೇ ಹೋಟೆಲಿನಲ್ಲಿ ಕೂತು, "ಅವ್ವನ ಕರಳು ಮೆತ್ತಗದ. ಬಡವನ ಹೊಟ್ಟಿ ಮ್ಯಾಲೆ ಹೊಡಿಬಾರದು ಅಂತ ತಪ್ಪು ತನ್ನ ಮ್ಯಾಲೆ ಹಾಕ್ಕೊಂಡ್ಳು" ಎಂದು ಕಣ್ಣು ಒರೆಸಿಕೊಂಡರಂತೆ. ಬಜಾರಿಗೆ ಈ ಕಥೆಯೇ ಹಿತವಾಯಿತು. ಎಂಥ ದೊಡ್ಡ ಮನಸ್ಸಿನ ತಾಯಿ ಎಂದು ಕೊಂಡಾಡಿದರು. ಹೀಗೆ ಆಯಿ ಪುಣ್ಯವಂತೆಯಾದರು, ಮಗ ಪುಣ್ಯವಂತೆಯ ಮಗನಾದ, ನಾನು ಜಡಗಾಲನೇ ಉಳಿದೆ, ಆ ಮನೆಯ ಕೆಲಸಕ್ಕೆ ಮತ್ತೆ ಹೋಗಲಿಲ್ಲ. ಇದಕ್ಕಿಂತ ಅನ್ಯಾಯ ಮುಂದಿತ್ತು. ಆಯಿ ಎಣ್ಣೆ ಬಿಡುವುದನ್ನು ನಿಲ್ಲಿಸಿದರು, ಗಾಲಿ ನಾನು ತೊಳೆದಿಟ್ಟಿದ್ದೆ, ಹೊಸ ಡ್ರೈವರ ಬಂದ, ಬ್ರೇಕು ಹಿಡಿಯಲಿಲ್ಲ. "ನೋಡ್ರಿ, ಅಂವಾ ಹೋದ, ಗಾಲಿ ಬಿಟ್ತು" ಎಂದರು ಸಾವ್ಕಾರರು. ಇದಕ್ಕೆ ಏನು ಉತ್ತರ ಕೊಡುತ್ತೀರಿ? ಬಸ್ಸಿನ ಮಾಲೀಕರ ಬಳಿ ಹೋಗಿ ಕೇಳಿದರೆ ಅವರೂ ಅದೇ ಮಾತು ಎತ್ತಿ ತೋರಿಸಿದರು. ನಾನು ಊರಿಗೆ ಹೋಗಿ ಅಪ್ಪನ ಬಾರುಕೋಲು ಹಿಡಿದೆ. ಅವ್ವ ಖಾಕಿ ಅಂಗಿಯನ್ನು ಮಡಚಿ ಒಳಗಿಟ್ಟಳು.

ಚಳಿಗಾಲ ಕಳೆಯುತ್ತ ಬಂದಾಗ ಒಂದು ಮಧ್ಯಾಹ್ನ ನಮ್ಮ ಮನೆಯ ಮುಂದೆ ಸಾವ್ಕಾರರೇ ಬಂದು ನಿಂತರು. ಬಾಣಂತಿಯನ್ನೂ ಕೂಸನ್ನೂ ಗಂಡನ ಮನೆಗೆ ಕಳಿಸಬೇಕಿತ್ತು. ಹೊಸ ಡ್ರೈವರ ಹೊಡೆದರೆ ಕೂಸನ್ನು ಹೊಸ್ತಿಲು ದಾಟಿಸುವುದಿಲ್ಲ ಎಂದು ಆಯಿ ಹಟ ಹಿಡಿದಿದ್ದರು. ಸಾವ್ಕಾರರು ನನ್ನ ಮುಖ ನೋಡಲಿಲ್ಲ, ನಮ್ಮ ಮನೆಯ ಗೋಡೆ ನೋಡುತ್ತ ಹೇಳಿದರು.

"ಅವ್ವಗ ನೀನ ಬೇಕಂತ. ಬಾ."

ಆಯಿಗಾಗಿ ಹೋದೆ. ಅವ್ವ ಖಾಕಿ ಅಂಗಿ ತೆಗೆದುಕೊಟ್ಟಳು.

ಭೀಮೆಯ ದಂಡೆಗೆ ಇಳಿಯುವ ದಾರಿ ಕಡಿದಾದದ್ದು. ಒಂದು ಕಡೆ ಕೊರಕಲು, ಕೆಳಗೆ ನೇರ ನೀರು. ಬಸ್ಸುಗಳು ಮೇಲೆಯೇ ನಿಲ್ಲುತ್ತಿದ್ದವು. ಆ ಮಾಲೀಕರೂ ಅವತ್ತು ತಮ್ಮ ಬಸ್ಸಿನ ಹತ್ತಿರ ನಿಂತಿದ್ದರು. ನಾನೂ ಮೇಲೆ ನಿಲ್ಲಿಸಲು ಹೋದೆ.

"ಕೆಳಗ ಇಳಸು" ಎಂದರು ಆಯಿ, ಕೂಸನ್ನು ಎದೆಗೆ ಒತ್ತಿಕೊಂಡು. "ಬಾಯಿಲೆ ಹೇಳಿದ್ದು ಸುಳ್ಳ ಅಂದ್ರು. ಈಗ ಮರಿಮೊಮ್ಮಗನ್ನ ತೊಡಿ ಮ್ಯಾಲೆ ಇಟಗೊಂಡು ಕೂತೇನಿ. ಇದನ್ನೂ ಸುಳ್ಳ ಅನ್ಲಿ."

ಒತ್ತಿದೆ, ಬಿಟ್ಟೆ, ಮತ್ತೆ ಒತ್ತಿದೆ. ಹಿಂದಿನ ಗಾಲಿ ಹಿಡಿ ಎಂದಾಗ ಹಿಡಿಯಿತು, ಬಿಡು ಎಂದಾಗ ಬಿಟ್ಟಿತು. ಹರಿಗೋಲಿನ ಪಕ್ಕಕ್ಕೆ ಹೋಗಿ ನಿಲ್ಲಿಸಿದಾಗ ಕೂಸು ನಿದ್ದೆಯಿಂದ ಎದ್ದಿರಲಿಲ್ಲ. ಮೇಲೆ ದಂಡೆಯಲ್ಲಿ ಬಸ್ಸಿನ ಮಾಲೀಕರು ಬೀಡಿ ಹಚ್ಚುವುದನ್ನು ಮರೆತು ನೋಡುತ್ತಿದ್ದರು. ನಾನು ಬಸ್ಸು ಹೊಡೆಯುವಂತಾದದ್ದು ಆ ಇಳಿಜಾರಿನಿಂದ.

ಸಾವ್ಕಾರರು ತೊಟ್ಟಿಯಿಂದ ಇಳಿದು, ಧೋತರದ ಧೂಳು ಜಾಡಿಸಿ, ದೊಡ್ಡ ಮನಸ್ಸಿನವರ ಹಾಗೆ ನನ್ನ ಬೆನ್ನು ತಟ್ಟಿದರು.

"ಈಗ ನೋಡು ನಿನ್ನ ಕಾಲು ಹಗೂರ ಆಗ್ಯದ. ಊರಾಗ ಕೂತದ್ದು ಛಲೋ ಆತು, ಬುದ್ಧಿ ಬಂತು."

ನನ್ನ ಬಾಯಿಗೆ ಬಂದದ್ದನ್ನು ಇಲ್ಲಿ ಬರೆಯಲಾಗದು. ನಾನು ಬಾಯಿ ತೆಗೆಯುವ ಮೊದಲೇ ಆಯಿ ಮಗನ ಕಡೆ ತಿರುಗಿದರು.

"ಅವನ ಕಾಲು ಆಗೂ ಹಗೂರನ ಇತ್ತು. ನಾ ಎಣ್ಣಿ ಬಿಟ್ಟ ಗಾಲಿಯರ ಒಂದು ದಿನಕ್ಕ ಬಿಟ್ತು. ನಿನ್ನ ನಾಲಿಗಿ ಬಿಡವಲ್ದಲ್ಲೋ!"

ಹರಿಗೋಲು ಅಲುಗಾಡುತ್ತಿತ್ತು. ಹತ್ತುವ ಮೊದಲು ಕೂಸನ್ನು ಯಾರ ಕೈಗಾದರೂ ಕೊಡಬೇಕಿತ್ತು. ಸಾವ್ಕಾರರು ಎರಡೂ ಕೈ ಚಾಚಿದರು. ಆಯಿ ಅವರನ್ನು ದಾಟಿ ಬಂದು ಕೂಸನ್ನು ನನ್ನ ಕೈಗೆ ಕೊಟ್ಟರು.