ಹೊಸತೊಡಕಿನ ಗೌಜ್ಲಕ್ಕಿ

ಮದುವೆಯಾಗಿ ನಾಗಮಂಗಲದ ಕಡೆಯ ಹಳ್ಳಿಗೆ ಬಂದ ಮೇಲೆ ನಾನು ಹೊಸದಾಗಿ ಕಲಿತದ್ದು ಎರಡು. ಒಂದು, ನಿಂತಲ್ಲೇ ನಿದ್ದೆ ಮಾಡುವುದು. ಇನ್ನೊಂದು, ಗೌಜ್ಲಕ್ಕಿಯ ಹಾಗೆ ಕೂಗುವುದು. ಮೊದಲನೆಯದನ್ನು ಎಲ್ಲ ಸೊಸೆಯರೂ ಕಲಿಯುತ್ತಾರೆ. ಎರಡನೆಯದನ್ನು ನನಗೆ ಯಾರೂ ಕಲಿಸಲಿಲ್ಲ.

ನನ್ನ ತವರು ಬೆಳಗೊಳದ ಹತ್ತಿರ. ನಾಲೆ, ಗದ್ದೆ, ಕೊಕ್ಕರೆ ನೋಡಿಕೊಂಡು ಬೆಳೆದವಳು. ಅರವತ್ತರ ದಶಕದ ಮೊದಲಲ್ಲಿ ಆ ಒಣ ಸೀಮೆಗೆ ಬಂದಾಗ ಕಂಡದ್ದು ರಾಗಿ ಹೊಲ, ಹುರುಳಿ ಹೊಲ, ತಂಗಡಿ ಗಿಡ, ಮತ್ತೆ ರಾಗಿ ಹೊಲ. ಅತ್ತೆ ತೀರಿಕೊಂಡು ವರ್ಷಗಳಾಗಿದ್ದವು. ಮನೆಯಲ್ಲಿ ಮಾವ, ಗಂಡ, ಒಂದು ಜೊತೆ ಎತ್ತು, ನಾನು. ಎತ್ತುಗಳಿಗಾದರೂ ಸೋಮವಾರ ನೊಗ ಇಳಿಯುತ್ತಿತ್ತು. ನನ್ನ ವಾರದಲ್ಲಿ ಸೋಮವಾರ ಬರುತ್ತಲೇ ಇರಲಿಲ್ಲ.

ಪುಸ್ತಕದಲ್ಲಿ ಕೌಜುಗ ಎಂದು ಬರೆಯುವ ಹಕ್ಕಿಯೇ ಅಲ್ಲಿನವರ ಗೌಜ್ಲಕ್ಕಿ. ಕೋಳಿಮರಿಯಷ್ಟು ದಪ್ಪ, ಮಣ್ಣಿನದೇ ಬಣ್ಣ, ಪೊದೆಯಿಂದ ಪೊದೆಗೆ ಓಡುವ ಜಾತಿ. ಯುಗಾದಿ ಹೊತ್ತಿಗೆ ಹೊಂಗೆ ಚಿಗುರಿದಾಗ ಅದರ ಗಂಡಿಗೆ ಎಲ್ಲಿಲ್ಲದ ಜಗಳಗಂಟತನ ಬರುತ್ತದೆ. ಇನ್ನೊಂದು ಗಂಡು ಕೂಗಿದ್ದು ಕೇಳಿದರೆ, ನನ್ನ ಜಾಗದಲ್ಲಿ ಇವನ್ಯಾರು ಎಂದು ಉತ್ತರ ಕೂಗುತ್ತಾ ಹೊಡೆದಾಟಕ್ಕೇ ಬರುತ್ತದೆ. ಮನುಷ್ಯ ಹಾಗೆ ಕೂಗಬಲ್ಲವನಾದರೆ ಪೊದೆಯ ಬಾಯಿಗೆ ಉರುಳು ಕಟ್ಟಿ ಕೂತರೆ ಸಾಕು.

ನನ್ನ ಮಾವ ಹಾಗೆ ಕೂಗಬಲ್ಲವರಾಗಿದ್ದರು. ಯುಗಾದಿಯ ಮಾರನೇ ದಿನ ಹೊಸತೊಡಕು. ಅವತ್ತು ಏನು ಮಾಡಿದರೆ ವರ್ಷವೆಲ್ಲ ಅದೇ ನಡೆಯುತ್ತದೆ ಎಂಬ ನಂಬಿಕೆ. ಅದಕ್ಕೇ ಮನೆಮನೆಯಲ್ಲೂ ಬಾಡೂಟ, ಗಂಡಸರಿಗೆ ಬೆಳಗಿನ ಬೇಟೆ. ಬೇಟೆಗೆ ಹೊರಡುವವರು ಮೊದಲು ನಮ್ಮ ಜಗಲಿಗೆ ಬಂದು ಮಾವನನ್ನು ಕರೆದುಕೊಂಡೇ ಹೋಗುತ್ತಿದ್ದರಂತೆ. ಅಂತೆ ಎನ್ನುತ್ತೇನೆ, ಯಾಕೆಂದರೆ ನಾನು ಬರುವಷ್ಟರಲ್ಲಿ ಅವರ ಮುಂದಿನ ಹಲ್ಲುಗಳೆಲ್ಲ ಉದುರಿದ್ದವು. ಹಕ್ಕಿಗಳು ಉತ್ತರ ಕೊಡುವುದನ್ನು ನಿಲ್ಲಿಸಿದ್ದವು.

ಆ ವರ್ಷ ಅವರು ಮಗನಿಗೆ ಕೂಗು ಕಲಿಸಲು ಕೂತರು. ಜಗಲಿಯಲ್ಲಿ ಪಾಠ, ಗೋಡೆಯ ಈಚೆ ನನ್ನ ರಾಗಿಕಲ್ಲು. ನಾಲಿಗೆಯ ತುದಿ ಮೇಲಿನ ಹಲ್ಲಿಗೆ ಬಡಿಯಬೇಕು, ಗಂಟಲಲ್ಲಿ ಕೂಗಿದರೆ ಕೋಳಿಯಾಗುತ್ತದೆ, ಮೊದಲು ಮೆಲ್ಲಗೆ ಮೂರು ಸಲ ಲೊಚಗುಟ್ಟಿ ಆಮೇಲೆ ಎತ್ತಬೇಕು ಎಂದು ಹೇಳಿ ಹೇಳಿ ತಾವೇ ಕೂಗಿ ತೋರಿಸುತ್ತಿದ್ದರು. ನನ್ನ ಗಂಡ ಒಳ್ಳೆಯ ಮನುಷ್ಯ, ಆದರೆ ದನಿ ಹಿಡಿಯುವ ಕಿವಿಯಿಲ್ಲ. ಅವರು ಕೂಗಿದ್ದಕ್ಕೆ ನಮ್ಮ ಎತ್ತು ತಿರುಗಿ ನೋಡಿತೇ ಹೊರತು ಹಕ್ಕಿ ಯಾವುದೂ ನೋಡಲಿಲ್ಲ. ನಾನು ಕಲ್ಲು ನಿಲ್ಲಿಸಿದಾಗಲೆಲ್ಲ ಮಾವನ ಕೂಗು ಕಿವಿಗೆ ಬೀಳುತ್ತಿತ್ತು. ಪಾಠ ಕಣ್ಣಿಗೆ ಕಾಣದು, ಕೇಳಿದ್ದಷ್ಟೇ.

ಆ ಹೊಸತೊಡಕಿಗೆ ಜಗಲಿಗೆ ಯಾರೂ ಬರಲಿಲ್ಲ. ಮಾವ ಒಬ್ಬರೇ ಹೋದರು, ಬರಿಗೈಯಲ್ಲಿ ಬಂದರು. ಹಕ್ಕಿ ಸಿಗದಿದ್ದಕ್ಕೆ ಅವರಿಗೆ ಬೇಸರವಿಲ್ಲ, ಊರವರು ಸೇರಿ ಕುರಿ ಕಡಿದು ಹಂಚಿಕೊಳ್ಳುವ ಗುಡ್ಡೆಬಾಡಿನಲ್ಲಿ ನಮ್ಮ ಪಾಲು ಬಂದಿತ್ತು. ಉತ್ತರ ಬರಲಿಲ್ಲವಲ್ಲ, ಅದು ಅವರನ್ನು ಕೊಂದಿತು. ಊಟ ಬೇಡ ಎಂದು ಗೋಡೆಗೆ ಮುಖ ಮಾಡಿ ಕೂತರು. ಹಿರಿಯರು ಉಣ್ಣದೆ ಸೊಸೆ ಉಣ್ಣುವಂತಿಲ್ಲ. ಹಿಂದಿನ ದಿನ ಒಬ್ಬಟ್ಟಿಗೆ ಹೂರಣ ರುಬ್ಬಿ, ಅವತ್ತು ಮಸಾಲೆ ಅರೆದು ತೋಳು ಬಿದ್ದುಹೋಗಿತ್ತು. ಸಾರಿನ ವಾಸನೆ ಕುಡಿಯುತ್ತಾ ಸಂಜೆಯವರೆಗೆ ಕೂತೆ. ನನಗೆ ಮಾವನ ಮೇಲೆ ಕೆಟ್ಟ ಸಿಟ್ಟು ಬಂದಿತ್ತು.

ಆಮೇಲೊಂದು ದಿನ ಹಿತ್ತಲಲ್ಲಿ ಪಾತ್ರೆ ತಿಕ್ಕುತ್ತಾ ಯಾಕೋ ಬಾಯಿಗೆ ಬಂತು, ಕೂಗಿಬಿಟ್ಟೆ. ಗಂಡ ಹಟ್ಟಿಯಿಂದ ಹೊರಗೆ ಬಂದು ಸುತ್ತ ನೋಡಿ ಕೇಳಿದರು:

"ಅಪ್ಪ ಯಾವಾಗ್ ಬಂತು?"

ಮಾವ ಅವತ್ತು ಸಂತೆಗೆ ಹೋಗಿದ್ದರು. ನಾನು ಗಂಡನಿಗೆ ಏನೂ ಹೇಳಲಿಲ್ಲ. ನನ್ನ ಕೂಗು ಅಷ್ಟು ಚೆನ್ನಾಗಿ ಬಂದಿದೆ ಎಂದು ಒಳಗೊಳಗೇ ಹಿಗ್ಗಿದೆ, ದಡ್ಡಿ.

ಮುಂದಿನ ಹೊಸತೊಡಕಿಗೆ ಮಾವ ಹೊರಟ ಸ್ವಲ್ಪ ಹೊತ್ತಿಗೆ ಸೌದೆ ತರುತ್ತೇನೆಂದು ನಾನೂ ಹೊರಟೆ. ಅವರು ಗುಡ್ಡದ ಬುಡದಲ್ಲಿ ಕುಕ್ಕರಗಾಲಲ್ಲಿ ಕೂತು ಕೂಗುತ್ತಿದ್ದರು. ಬಳಸಿಕೊಂಡು ಹೋಗಿ ಆಚೆ ಬದಿಯ ಪೊದೆಯಲ್ಲಿ ಬಗ್ಗಿ ಕೂತು ಉತ್ತರ ಕೊಟ್ಟೆ. ಪ್ರೀತಿಯಿಂದ ಮಾಡಿದೆ ಎಂದರೆ ಸುಳ್ಳಾಗುತ್ತದೆ, ಹೊತ್ತಿಗೆ ಸರಿಯಾಗಿ ಉಣ್ಣಲಿ ಎಂದು ಮಾಡಿದೆ. ಆಚೆ ಕಡೆ ತುಂಬ ಹೊತ್ತು ಸದ್ದೇ ಇಲ್ಲ. ಸಿಕ್ಕಿಬಿದ್ದೆ ಎಂದುಕೊಂಡೆ. ಆಮೇಲೆ ಅವರ ಕೂಗು ಮತ್ತೆ ಬಂತು, ಮೊದಲಿಗಿಂತ ಮೆತ್ತಗೆ. ನಾನು ಮತ್ತೆ ಕೊಟ್ಟೆ. ಹೀಗೆ ಬಿಸಿಲೇರುವವರೆಗೆ.

ಮನೆಗೆ ಬಂದು ಎರಡು ಮುದ್ದೆ ಉಂಡರು. ಹಕ್ಕಿ ಉರುಳಿಗೆ ಬೀಳಲಿಲ್ಲ, ಆದರೆ ಮಾತಾಡಿಸಿತು ಎಂದು ಮಗನಿಗೆ ಹೇಳಿದರು. ನಾನು ಒಲೆಯ ಮುಂದೆ ತಲೆ ತಗ್ಗಿಸಿ ನಕ್ಕೆ.

ಹೀಗೇ ಐದು ವರ್ಷ. ಸಲೀಸಾದ ಕೆಲಸ ಎಂದುಕೊಳ್ಳಬೇಡಿ. ಯುಗಾದಿಗೆ ಮನೆ ಸಾರಿಸಿ, ಸುಣ್ಣ ಬಳಿದು, ಎಣ್ಣೆ ನೀರು ಹಾಕಿ, ಒಬ್ಬಟ್ಟು ಬೇಯಿಸಿ, ಮಾರನೇ ದಿನ ಕೋಳಿ ಕೂಗುವ ಮೊದಲೆದ್ದು ಗುಡ್ಡದ ಮುಳ್ಳಿನಲ್ಲಿ ಹಕ್ಕಿಯಾಗಿ, ಅಲ್ಲಿಂದ ಓಡಿಬಂದು ಮಸಾಲೆ ಅರೆಯಬೇಕು. ಒಂದು ವರ್ಷ ಆರು ತಿಂಗಳ ಬಸುರಿ. ಇನ್ನೊಂದು ವರ್ಷ ಕೂಸನ್ನು ನೆರೆಮನೆಯಲ್ಲಿ ಬಿಟ್ಟು ಎದೆ ಕಟ್ಟಿಕೊಂಡು ಕೂಗಿದ್ದೇನೆ. ಹೊಸತೊಡಕಿಗೆ ಮಾಡಿದ್ದೇ ವರ್ಷವೆಲ್ಲ ನಡೆಯುತ್ತದೆ ಎಂಬ ಮಾತು ನನ್ನ ಪಾಲಿಗಂತೂ ನಿಜವಾಯಿತು. ವರ್ಷವೆಲ್ಲ ಯಾರೋ ಕರೆಯುವುದು, ನಾನು ಓಗೊಡುವುದು.

ಆರನೇ ವರ್ಷ ಎರಡನೇ ಮಗುವಿಗೆ ಜ್ವರ. ಮೂರು ರಾತ್ರಿ ಕಣ್ಣು ಮುಚ್ಚಿರಲಿಲ್ಲ. ಹೋಗಬಾರದೆಂದೇ ಇದ್ದೆ. ಆದರೆ ಮಾವ ಕೋಲೂರಿಕೊಂಡು, ಮಂಡಿ ಹಿಡಿದು ಹಿಡಿದು ಗುಡ್ಡದ ಕಡೆ ಹೋಗುವುದು ಕಂಡಿತು. ಮಗುವನ್ನು ಗಂಡನ ಕೈಗೆ ಕೊಟ್ಟು ಹಿಂದೆಯೇ ಹೋದೆ. ಪೊದೆಯಲ್ಲಿ ಕೂತು ಒಂದು ಸಲ ಉತ್ತರ ಕೊಟ್ಟದ್ದು ನೆನಪಿದೆ.

ಎಚ್ಚರವಾದಾಗ ಬಿಸಿಲು ಮುಖಕ್ಕೆ ಹೊಡೆಯುತ್ತಿತ್ತು, ಕತ್ತಿನ ಮೇಲೆ ಇರುವೆ. ಗುಡ್ಡದಲ್ಲಿ ಯಾವ ಕೂಗೂ ಇಲ್ಲ. ಮಾವ ಎಷ್ಟು ಹೊತ್ತು ಕೂಗಿದರೋ, ಯಾವಾಗ ಎದ್ದು ಹೋದರೋ. ಸೌದೆಯನ್ನೂ ಆರಿಸದೆ ಓಡಿದೆ. ದಾರಿಯುದ್ದಕ್ಕೂ ಅಳು ಬರುತ್ತಿತ್ತು. ಗೋಡೆಗೆ ತಿರುಗಿದ ಆ ಬೆನ್ನೇ ಕಣ್ಣಮುಂದೆ.

ಮಾವ ಜಗಲಿಯಲ್ಲಿ ಕೂತಿದ್ದರು, ಮಗು ಅವರ ತೊಡೆಯ ಮೇಲೆ ಮಲಗಿತ್ತು. ನನ್ನ ಸೆರಗಿಗೆ ಅಂಟಿದ್ದ ತಂಗಡಿ ಹೂವನ್ನು ನೋಡಿದರು.

"ನಿನ್ ಗೌಜ್ಲಕ್ಕಿಗೆ ನಿದ್ದೆ ಬಂದ್ಬುಡ್ತೇನವ್ವ?"

ನಾನು ಹೂವನ್ನು ಕೊಡವಿಕೊಂಡೆ. ಅವರೇ ಮುಂದುವರಿಸಿದರು.

"ಬೊಚ್ಚುಬಾಯಿ ಗೌಜ್ಲಕ್ಕಿ ಈ ಸೀಮೆಗೆಲ್ಲ ನಾನೊಬ್ನೇ ಅಂದ್ಕಂಡಿದ್ದೆ. ಇನ್ನೊಂದು ಕೂಗ್ತಲ್ಲ, ಅವತ್ತೇ ಗೊತ್ತಾಯ್ತು."

ಆಗ ನನಗೆ ಹೊಳೆಯಿತು. ಮೇಲಿನ ಹಲ್ಲಿಗೆ ನಾಲಿಗೆ ಬಡಿಯಬೇಕೆಂದು ಬಾಯಲ್ಲಿ ಹೇಳುತ್ತಿದ್ದವರಿಗೆ ಆ ಹಲ್ಲೇ ಇರಲಿಲ್ಲ. ಗೋಡೆಯಾಚೆ ಕೇಳಿ ಕಲಿತ ನಾನು ಅವರ ಬೊಚ್ಚುಬಾಯಿಯ ಗಾಳಿಯನ್ನೂ ಸೇರಿಸಿಯೇ ಕಲಿತಿದ್ದೆ. ಅಪ್ಪ ಯಾವಾಗ ಬಂತು ಎಂದು ಗಂಡ ಕೇಳಿದ್ದು ಅದಕ್ಕೇ. ಗೊತ್ತಿದ್ದೂ ಇಷ್ಟು ವರ್ಷ ಯಾಕೆ ಹೋಗುತ್ತಿದ್ದಿರಿ ಎಂದು ಕೇಳಿದೆ.

"ನೀ ಪೊದೇಲಿ ಕಾಯ್ಕಂಡ್ ಕೂತಿರ್ತೀಯಲ್ಲವ್ವ. ನಾ ಬರ್ನಿಲ್ಲ ಅಂದ್ರೆ ಬೇಜಾರ್ ಮಾಡ್ಕತೀಯ ಅಂತ." ಮಂಡಿಯನ್ನು ಉಜ್ಜಿಕೊಂಡರು. "ನಂಗೂ ಸಾಕಾಗದೆ. ಇನ್ಮ್ಯಾಕೆ ಇಬ್ರಿಗೂ ಬ್ಯಾಡ. ಓಗು, ಮಲೀಕೊ."

ಮಸಾಲೆ ಅರೆಯಬೇಕು ಎಂದೆ. ಮಗ ಅರೆಯುತ್ತಾನೆ ಎಂದರು. ಹೋಗಿ ಬಿದ್ದುಕೊಂಡೆ. ಹಬ್ಬದ ದಿನ ಹಗಲು ಹೊತ್ತಿನಲ್ಲಿ ಆ ಮನೆಯಲ್ಲಿ ನಾನು ಮಲಗಿದ್ದು ಅದೇ ಮೊದಲು.

ಎದ್ದಾಗ ಸಂಜೆಯಾಗಿತ್ತು. ಸಾರು ಆರಿತ್ತು, ಮುದ್ದೆ ಗಟ್ಟಿಯಾಗಿತ್ತು. ಗಂಡ ಉಂಡು ಹೊಲಕ್ಕೆ ಹೋಗಿದ್ದರು. ಮಾವ ಉಂಡಿರಲಿಲ್ಲ. ಖಾಲಿ ತಟ್ಟೆ ಮುಂದಿಟ್ಟುಕೊಂಡು ಕೂತಿದ್ದರು. ಬಡಿಸಲು ಹೋದರೆ ಕೈ ಅಡ್ಡ ಹಿಡಿದು, ನಿನ್ನದೂ ತಟ್ಟೆ ತಾ ಎಂದರು. ನಾನು ಮೊದಲ ತುತ್ತು ನುಂಗುವವರೆಗೆ ಅವರು ಮುದ್ದೆ ಮುರಿಯಲಿಲ್ಲ.